ಅಡಗೂಲಜ್ಜಿಯ ಮೇಲೊಂದು ಕಣ್ಣು

ಯಾರಾದರೂ ಕಾರಣವಿಲ್ಲದೆ ಉಪಕಾರ ಮಾಡಿದರೆ ಆ ದಿನ ನನಗೆ ಊಟ ಸೇರುವುದಿಲ್ಲ. ರಾಣೆಬೆನ್ನೂರಿನ ಬಸ್ಸಿನಲ್ಲಿ ಗುರುತಿಲ್ಲದವನೊಬ್ಬ ಎದ್ದು ನಿಂತು "ಕುಂದ್ರಿ ಸರ" ಎಂದರೆ ಮೊದಲು ಸೀಟಿನ ಮೇಲೆ ಕೈಯಾಡಿಸಿ, ಒದ್ದೆಯಾಗಿದೆಯೇ ಎಂದು ನೋಡುತ್ತೇನೆ. ಹಾವೇರಿ ಬಸ್ ಸ್ಟ್ಯಾಂಡಿನ ಎದುರು ‘ಬಡವರ ಕಾಮಧೇನು’ ಎಂದು ಬರೆಸಿಕೊಂಡು ಕೈ ಮುಗಿದು ನಿಂತವರ ಫ್ಲೆಕ್ಸ್ ಕಂಡರಂತೂ, ಇಲ್ಲಿ ಹಾಲು ಕೊಡುತ್ತಿರುವವರು ಯಾರು, ಹಿಂಡಿಕೊಳ್ಳುತ್ತಿರುವವರು ಯಾರು ಎಂಬ ಯೋಚನೆ ಹತ್ತುತ್ತದೆ.

ಉಪಕಾರಿಗಳಿಗೆ ನಮ್ಮ ಜನ ಇಟ್ಟ ಹೆಸರುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂಶಯ ಬಂದದ್ದು ಅಡಗೂಲಜ್ಜಿಯ ಮೇಲೆ. ಅಡುಗೆ ಮಾಡಿ ಕೂಳು ಹಾಕುವ ಅಜ್ಜಿ ಎಂದು ಬಲ್ಲವರು ಈ ಮಾತನ್ನು ಬಿಡಿಸುತ್ತಾರೆ. ಕಥೆ ನಿಮಗೂ ಗೊತ್ತು. ರಾಜಕುಮಾರ ಕಾಡಿನಲ್ಲಿ ದಾರಿ ತಪ್ಪುತ್ತಾನೆ, ದೂರದಲ್ಲೊಂದು ದೀಪ, ದೀಪದ ಬುಡದಲ್ಲೊಂದು ಗುಡಿಸಲು, ಗುಡಿಸಲಲ್ಲಿ ಅಜ್ಜಿ. ಬಂದವನ ಹೆಸರನ್ನೂ ಕೇಳದೆ ಉಣ್ಣಲಿಕ್ಕೆ ಹಾಕಿ, ರಾಕ್ಷಸನ ಪ್ರಾಣ ಎಲ್ಲಿದೆ ಎಂಬ ಗುಟ್ಟನ್ನೂ ಹೇಳಿ ಕಳಿಸುತ್ತಾಳೆ. ರಾಜಕುಮಾರ ಮದುವೆಯಾಗಿ ಅರಮನೆ ಸೇರಿದ ಮೇಲೆ ಅವಳ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಚಿಕ್ಕಂದಿನಲ್ಲಿ ನಾನು ನನ್ನ ಅಜ್ಜಿಯನ್ನು ಕೇಳಿದ್ದೆ: "ಕಾಡಿನ್ಯಾಗ ಆಕಿಗೆ ಹಿಟ್ಟು ಯಾರು ತಂದುಕೊಡ್ತಾರ?" ಅಜ್ಜಿ "ಸುಮ್ನ ಮಕ್ಕೋ" ಎಂದಳು. ನನ್ನ ಅನುಮಾನ ಅಲ್ಲಿಗೇ ಗಟ್ಟಿಯಾಯಿತು. ದೊಡ್ಡವನಾಗಿ ಗಣಿತದ ಮಾಸ್ತರನಾದೆ, ಅದು ಇನ್ನಷ್ಟು ಬಲಿಯಿತು.

ಆಗ ನಾವು ಬ್ಯಾಡಗಿಯಲ್ಲಿ ಬಾಡಿಗೆಗೆ ಇದ್ದೆವು. ರಾಣೆಬೆನ್ನೂರಿನ ಹೈಸ್ಕೂಲಿಗೆ ದಿನಾ ಮೋಟೆಬೆನ್ನೂರಿನ ಮೇಲೆ ಹಾದು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮೊಬೈಲು ಇನ್ನೂ ಎಲ್ಲರ ಜೇಬಿಗೆ ಇಳಿದಿರಲಿಲ್ಲ. ಹೆಂಡತಿ ಗಿರಿಜಾಳಿಗೆ ಐದು ತಿಂಗಳು. ಹಿಂದೊಮ್ಮೆ ಇದೇ ಐದನೆಯ ತಿಂಗಳಲ್ಲಿ ಒಂದು ಮಗು ಹೋಗಿತ್ತು. ಡಾಕ್ಟರು ಈ ಸಲ, ಮಗು ಉಳಿಯಬೇಕೆಂದರೆ ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಬಂದು ನೋಡಿಕೊಳ್ಳಲು ನಮ್ಮಿಬ್ಬರಿಗೂ ತಾಯಿ ಇರಲಿಲ್ಲ. ಬೆಳಿಗ್ಗೆ ಅನ್ನ ಸಾರು ಮಾಡಿ, ತಂಬಿಗೆ ನೀರಿನ ಜೊತೆ ಅವಳ ಪಕ್ಕಕ್ಕಿಟ್ಟು ನಾನು ಬಸ್ಸು ಹಿಡಿಯುತ್ತಿದ್ದೆ. ಒಳಗಿನ ಚಿಲಕ ಹಾಕಲು ಅವಳು ಏಳಬೇಕಾಗುತ್ತದಲ್ಲ, ಆದ್ದರಿಂದ ಹೊರಗಿನಿಂದಲೇ ಕೀಲಿ.

ನಾಲ್ಕನೆಯ ದಿನ ಕೀಲಿ ತಿರುವುತ್ತಿರುವಾಗ ಹಿಂದಿನಿಂದ ಒಂದು ದನಿ ಬಂತು. ಎದುರಿನ ಮೆಣಸಿನಕಾಯಿ ಶೆಡ್ಡಿನಲ್ಲಿ ತೊಟ್ಟು ಬಿಡಿಸುವ ಫಕ್ಕೀರವ್ವ. ವಯಸ್ಸು ಅರವತ್ತರ ಮೇಲೆ, ಬೆರಳ ತುದಿಯೆಲ್ಲ ಕೆಂಪು.

"ಸರ, ಕೀಲಿ ನನ್ನ ಕೈಯಾಗ ಕೊಟ್ಟು ಹೋಗ್ರಿ. ನಾ ನಿಮ್ಮ ಕಟ್ಟಿ ಮ್ಯಾಲ ಚೀಲ ತಂದಿಟ್ಟುಕೊಂಡು ತೊಟ್ಟು ಬಿಡಸ್ತೇನಿ. ಆ ತಂಗಿಗೆ ನೀರು ನಿಡಿ ಬೇಕಾದ್ರ ಕೊಡಾಕ ಬರತೈತಿ."

ಪರಿಚಯವಿಲ್ಲದ ಮುದುಕಿ, ಬೆಳ್ಳಂಬೆಳಗ್ಗೆ, ಮನೆಯ ಕೀಲಿ ಕೇಳುತ್ತಿದ್ದಾಳೆ! ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಗಿರಿಜಾ "ಕೊಡ್ರಿ" ಎಂದು ಕೂಗಿದಳು. ಕೊಟ್ಟೆ. ಆದರೆ ಮರುದಿನದಿಂದ ಗಿರಿಜಾಳ ಬಂಗಾರವನ್ನೆಲ್ಲ ಊಟದ ಚೀಲದಲ್ಲಿ ಸಾಲಿಗೆ ಒಯ್ಯತೊಡಗಿದೆ. ಒಂದು ತಿಂಗಳು ಎರಡೆಳೆ ಸರವನ್ನು ಕಾಲಬುಡದಲ್ಲಿಟ್ಟುಕೊಂಡು ಬೀಜಗಣಿತ ಕಲಿಸಿದ ಮಾಸ್ತರ ನಾನೊಬ್ಬನೇ ಇರಬೇಕು. ತುಪ್ಪದ ಬಾಟಲಿಯ ಮೇಲೆ, ತುಪ್ಪ ಎಲ್ಲಿಯವರೆಗೆ ಇದೆಯೋ ಅಲ್ಲಿ ಪೆನ್ನಿನಿಂದ ಸಣ್ಣ ಗೆರೆಯನ್ನೂ ಎಳೆದೆ.

ನಾಲ್ಕು ದಿನ ಬಿಟ್ಟು ನೋಡಿದರೆ ತುಪ್ಪ ಗೆರೆಗಿಂತ ಎರಡು ಬೆರಳು ಮೇಲಿದೆ.

ಡಾಲ್ಡಾ ಬೆರೆಸಿರಬೇಕೆಂದು ಮೂಸಿದೆ, ನೆಕ್ಕಿದೆ. ಅಪ್ಪಟ ಎಮ್ಮೆಯ ತುಪ್ಪ. ಫಕ್ಕೀರವ್ವ ಕದರಮಂಡಲಗಿ ಊರಿನ ತನ್ನ ಮಗನ ಮನೆಯಿಂದ ತಂದು ಸುರಿದಿದ್ದಾಳೆಂದು ಗಿರಿಜಾ ಹೇಳಿದಳು. ಇಷ್ಟು ಕೊಟ್ಟವಳು ಇನ್ನೆಷ್ಟು ಕೇಳಿಯಾಳು! ಮೊಮ್ಮಗನಿಗೆ ಮಾರ್ಕ್ಸೋ? ಮಗನಿಗೆ ಸಾಲಿಯಲ್ಲಿ ಸಿಪಾಯಿ ಕೆಲಸವೋ? ತಡೆಯಲಾರದೆ ಒಂದು ಸಂಜೆ ಕೇಳಿಯೇಬಿಟ್ಟೆ.

"ಖರೇ ಹೇಳು ಅಜ್ಜಿ, ನಿನಗ ನಮ್ಮಿಂದ ಏನು ಬೇಕಾಗೇತಿ?"

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಸೀರೆ ಕೊಡವಿಕೊಂಡು ಹೋದಳು. ಮರುದಿನ ಬರಲಿಲ್ಲ. ಮೊದಲಿನಂತೆ ಕೀಲಿ ಹಾಕಿಕೊಂಡು ನಾನು ಸಾಲಿಗೆ ಹೋದೆ. ತಿರುಗಿ ಬಂದು ಬಾಗಿಲು ತೆಗೆದರೆ ಗಿರಿಜಾ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ತಂಬಿಗೆ ಉರುಳಿ ನೀರು ಚೆಲ್ಲಿತ್ತಂತೆ, ಬಾಯಾರಿಕೆ ತಾಳದೆ ಎದ್ದಳಂತೆ, ಕಣ್ಣು ಕತ್ತಲೆ ಬಂತಂತೆ. ಅವಳನ್ನು ಮಲಗಿಸಿದೆ. ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿ, ಮಗು ಗಟ್ಟಿಯಿದೆ ಎಂದ ಮೇಲೆಯೇ ನನಗೆ ಉಸಿರು ಬಂದದ್ದು.

ಅದೇ ಹೆಜ್ಜೆಯಲ್ಲಿ ರಸ್ತೆ ದಾಟಿ ಶೆಡ್ಡಿಗೆ ಹೋದೆ. ಕೆಂಪು ರಾಶಿಯ ಸುತ್ತ ಹತ್ತು ಹದಿನೈದು ಹೆಂಗಸರು. ಘಾಟಿಗೆ ನಾಲ್ಕು ಸಲ ಸೀನಿದ ಮೇಲೆ "ತಪ್ಪಾತು, ಬಾ ಅಜ್ಜಿ" ಎನ್ನಲು ಸಾಧ್ಯವಾಯಿತು. ಮನೆಯಲ್ಲಿ ನಡೆದದ್ದನ್ನೂ ಹೇಳಿದೆ.

ಫಕ್ಕೀರವ್ವ ತೊಟ್ಟು ಮುರಿಯುತ್ತಲೇ ಹೇಳಿದಳು: "ಏನು ಬೇಕಂತ ಕೇಳಿದ್ರೆಲ್ಲ, ಕೇಳ್ರಿ ಈಗ. ಬಸರಿ ಹೆಂಗಸನ್ನ ಒಳಗ ಹಾಕಿ ಕೀಲಿ ಜಡದು ಹೋಗೂ ಗಂಡಸು ಎಂಥಾವ ಇದ್ದಾನು ಅಂತ ನನಗ ಸಂಶೆ ಬಂದಿತ್ತು. ಕಿಡಕ್ಯಾಗ ಹಣಿಕಿ ಹಾಕಿದ್ರ ಆಕಿ ಯಾವಾಗ್ಲೂ ಮಲಗೇ ಇರಾಕಿ. ಬಡದಾನೇನೋ ಅಂದ್ಕೊಂಡೆ. ಅದಕ್ಕ ಕೀಲಿ ಕೇಳಿದ್ದು."

"ಮತ್ತ ತುಪ್ಪ?"

"ಬಾಟ್ಲಿ ಮ್ಯಾಲ ಗೆರಿ ಹೊಡದಿದ್ರಿ. ಬಸರಿ ಹೆಂಡ್ತಿಗೆ ತುಪ್ಪ ಅಳದು ಹಾಕ್ತಾನಲ್ಲ ಈ ಜೀನ, ಅಂತ ಸಿಟ್ಟು ಬಂತು."

ಹೆಂಗಸರೆಲ್ಲ ಗೊಳ್ಳೆಂದರು. ನಾನು ಸೀನುವ ನೆಪದಲ್ಲಿ ಕಣ್ಣೊರೆಸಿಕೊಂಡೆ. ಸಂಶಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದವನು ನಾನು. ನನ್ನ ಸಂಶಯದಿಂದ ಹುಟ್ಟಿದ್ದು ಒಂದು ಪೆನ್ನಿನ ಗೆರೆ ಮಾತ್ರ. ಅವಳ ಸಂಶಯ ನನ್ನ ಹೆಂಡತಿಗೆ ನೀರು ಕುಡಿಸಿತ್ತು, ತಲೆ ಬಾಚಿತ್ತು, ತುತ್ತಿಗೆ ತುಪ್ಪ ಹಾಕಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಕಥೆಯ ಅಜ್ಜಿಯೂ ಬಂದವನನ್ನು ನಂಬಿ ಉಣ್ಣಲಿಕ್ಕೆ ಹಾಕಿದ್ದಲ್ಲವೇನೋ, ಉಣ್ಣುವಾಗ ಅವನು ಎಂಥವನೆಂದು ಎದುರಿಗೆ ಕೂತು ನೋಡುತ್ತಿದ್ದಳೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಫಕ್ಕೀರವ್ವ ಮರುದಿನವೇ ಚೀಲ ಹೊತ್ತು ಬಂದಳು, ಹೆರಿಗೆಯ ತನಕ ಒಂದು ದಿನವೂ ತಪ್ಪಿಸಲಿಲ್ಲ. ಹಾವೇರಿಯ ಆಸ್ಪತ್ರೆಯಲ್ಲಿ ಗಿರಿಜಾ ಸುಖವಾಗಿ ಹೆತ್ತಳು. ಮನೆಗೆ ಬಂದ ದಿನ ಕೂಸನ್ನು ಫಕ್ಕೀರವ್ವನ ತೊಡೆಯ ಮೇಲೆ ಮಲಗಿಸಿ ಹೇಳಿದೆ: "ಅಜ್ಜಿ, ನೀನು ನಮ್ಮ ಪಾಲಿನ ಅಡಗೂಲಜ್ಜಿ."

ಅವಳು ಕೂಸಿನ ಹಣೆಯ ಮೇಲೆ ಕೈಯಾಡಿಸಿ, ತಲೆಗೆ ಹೊದಿಸಿದ ಕುಂಚಿಗೆಯನ್ನು ಸರಿಮಾಡಿ, ನನ್ನ ಮುಖವನ್ನೇ ನೋಡುತ್ತ ಹೇಳಿದಳು:

"ಅದೆಲ್ಲಾ ಇರ್ಲಿ ಸರ. ಹೆಣ್ಣು ಹುಟ್ಟೈತಿ. ನಾ ನಾಳೆನೂ ಬರ್ತೇನಿ."