ಹೋಯ್ಟ್ ಲೆಡ್‌ಬೆಟರ್ ಹೇಳಿದ ಒಂದೇ ನಿಜ

ಟಲೂಚಿ ಹಿನ್ನೀರಿನಲ್ಲಿ ಬಾಸ್ ಮೀನು ಹಿಡಿಯುವುದರಲ್ಲಿ ಹೋಯ್ಟ್ ಲೆಡ್‌ಬೆಟರನನ್ನು ಮೀರಿಸಿದವನಿರಲಿಲ್ಲ; ಸುಳ್ಳು ಹೇಳುವುದರಲ್ಲೂ ಇರಲಿಲ್ಲ. ಎರಡನೆಯದು ಮೊದಲನೆಯದರ ಒಂದು ಅಂಗವೆಂದೇ ಅವನು ತಿಳಿದಿದ್ದ. ಅಲಬಾಮಾದ ಆ ಕಡೆ ಗಂಡಸಾದವನು ತನ್ನ ಸಂಬಳ ಹೇಳಬಹುದು, ಮೂಲವ್ಯಾಧಿ ಹೇಳಬಹುದು, ಚರ್ಚಿನಲ್ಲಿ ಎದ್ದುನಿಂತು ಮಾಡಿದ ಪಾಪವನ್ನೂ ಹೇಳಬಹುದು. ಮೀನು ಸಿಕ್ಕ ಜಾಗ ಮಾತ್ರ ಹೇಳುವಂತಿಲ್ಲ.

ಹೋಯ್ಟ್ ಇದನ್ನೊಂದು ಶಾಸ್ತ್ರವಾಗಿಯೇ ಬೆಳೆಸಿದ್ದ. ಕ್ರಿಸ್‌ಮಸ್ ಮುಗಿದು ಜನ ಬೀದಿಗೆಸೆದ ಮರಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದು, ಸಿಮೆಂಟ್ ಇಟ್ಟಿಗೆ ಕಟ್ಟಿ, ಮಂಜು ಕವಿದ ಬೆಳಗಿನಲ್ಲಿ ಹಿನ್ನೀರಿನ ಒಂದು ಮೂಲೆಯಲ್ಲಿ ಮುಳುಗಿಸುತ್ತಿದ್ದ. ಅಣೆಕಟ್ಟು ಬರುವ ಮುಂಚೆ ಅಲ್ಲೊಂದು ಹೊಲದ ಬೇಲಿಸಾಲಿತ್ತು, ಪಕ್ಕದಲ್ಲಿ ಹಳ್ಳವಿತ್ತು. ಬಾಸ್ ಕೊಂಬೆಯ ಮರೆಯಲ್ಲಿ ಹೊಂಚುಹಾಕಿ ಕೂತು, ಮೂತಿಯ ಮುಂದೆ ಹಾದದ್ದನ್ನು ನುಂಗುವ ಜಾತಿ. ಬೇಸಿಗೆಯಲ್ಲಿ ಊರಿನ ಬಾಸ್‌ಗಳೆಲ್ಲ ಈ ಮುಳುಗಿದ ಕ್ರಿಸ್‌ಮಸ್ಸಿನಲ್ಲೇ ಬಿಡಾರ ಹೂಡಿರುತ್ತಿದ್ದವು. ಅವಕ್ಕೆ ಹೋಯ್ಟ್ ಇಳಿಬಿಡುತ್ತಿದ್ದುದು ಕಪ್ಪುದ್ರಾಕ್ಷಿ ಬಣ್ಣದ ಪ್ಲಾಸ್ಟಿಕ್ ಎರೆಹುಳು. ದಡಕ್ಕೆ ಮರಳುವ ಮುಂಚೆ ಅದನ್ನು ಕತ್ತರಿಸಿ ಜೇಬಿಗಿಳಿಸಿ, ಗಾಳಕ್ಕೆ ಫಳಫಳ ಹೊಳೆಯುವ ತಗಡಿನ ಮೀನೊಂದನ್ನು ಕಟ್ಟಿಕೊಳ್ಳುತ್ತಿದ್ದ, ನೋಡುವವರು ನೋಡಿಕೊಳ್ಳಲಿ ಎಂದು. ದೂರದಲ್ಲಿ ಬೇರೆ ದೋಣಿಯ ಸದ್ದಾದರೆ ಸಾಕು, ತನ್ನ ಜಾಗ ಬಿಟ್ಟು, ಕಪ್ಪೆಯೂ ಸುಳಿಯದ ಬೋಳು ಬಂಡೆಯ ಬಳಿ ಹೋಗಿ ಮಹಾ ಗಂಭೀರವಾಗಿ ಗಾಳ ಎಸೆಯುತ್ತಿದ್ದ. ಈ ಆಟ ಈಗ ಊರಿಗೆಲ್ಲ ಗೊತ್ತು. ದೋಣಿ ಕಂಡೂ ಹೋಯ್ಟ್ ಕದಲದಿದ್ದರೆ ಆ ಜಾಗದಲ್ಲಿ ಮೀನಿಲ್ಲ ಎಂದೇ ಲೆಕ್ಕ.

ನಿಜವಾದ ಜಾಗ ಗೊತ್ತಿದ್ದ ಇನ್ನೊಂದು ಜೀವವೆಂದರೆ ಹೆಂಡತಿ ಮೊಝೆಲ್. ಅವಳಿಗೆ ಮೀನಿನ ಮೇಲೆ ಆಸಕ್ತಿ ಹುಟ್ಟುತ್ತಿದ್ದುದು ಅದು ಬಾಣಲೆಗೆ ಬಿದ್ದ ಮೇಲೆಯೇ. ದೋಣಿಯ ಹಿಂದಿನ ಸೀಟಿನಲ್ಲಿ ಕೂತು ಸ್ವೆಟರ್ ಹೆಣೆಯುತ್ತ, ತನ್ನ ಅತ್ತಿಗೆಯ ಗುಣಗಾನ ಮಾಡುತ್ತಿದ್ದಳು.

"ಸ್ವಲ್ಪ ಬಾಯ್ಮುಚ್ಕೊಂಡಿರೇ, ಮೀನು ಓಡೋಗ್ತವೆ," ಎಂದು ಹೋಯ್ಟ್ ಗದರುತ್ತಿದ್ದ.

ಕಳೆದ ಚಳಿಗಾಲ ಅವಳು ತೀರಿಕೊಂಡಳು. ಈಗ ಮೀನು ಓಡಿಸುವವರು ಯಾರೂ ಇಲ್ಲ. ಬಾಸ್ ಬೇಕಾದಷ್ಟು ಬೀಳುತ್ತಿದ್ದವು. ಹಿಂದಿನ ಸೀಟಿನ ಕಡೆ ನೋಡದೆ ದೋಣಿ ತಿರುಗಿಸುವುದೇ ಅವನಿಗೆ ಕಷ್ಟವಾಗಿತ್ತು.

ಯಾರಾದರೂ ಜೊತೆಗೆ ಬನ್ನಿ ಎನ್ನಲು ನಾಲಿಗೆ ಹೊರಳಲಿಲ್ಲ. ಟಲೂಚಿಯ ಸರದಾರ ಹಾಗೆಲ್ಲ ಅಂಗಲಾಚಬಹುದೇ? ಅದರ ಬದಲು ಜಾಗವನ್ನೇ ಹೇಳಿಬಿಟ್ಟರೆ ಒಬ್ಬನಾದರೂ ಬಂದು ಪಕ್ಕದಲ್ಲಿ ದೋಣಿ ನಿಲ್ಲಿಸುತ್ತಾನೆ, ಎರಡು ಮಾತಾಡುತ್ತಾನೆ ಎಂದು ಲೆಕ್ಕ ಹಾಕಿ, ಶುಕ್ರವಾರ ಅರ್ಲೀನಳ ಗಾಳದಂಗಡಿಗೆ ಹೋದ. ವೆಲ್ಡಿಂಗ್ ಕೆಲಸದ ರೇಫರ್ಡ್ ಸೈಕ್ಸ್ ಅಲ್ಲಿ ಕಾಫಿ ಕುಡಿಯುತ್ತ ನಿಂತಿದ್ದ.

"ರೇಫರ್ಡ್, ಕೇಳಿಲ್ಲಿ. ಗೂಬೆಹಳ್ಳದ ಮೂಲೇಲಿ ಹಳೇ ಬೇಲಿಸಾಲಿದೆಯಲ್ಲ, ಅಲ್ಲಿ ಮರ ಮುಳುಗ್ಸಿದೀನಿ. ಕಪ್ಪುದ್ರಾಕ್ಷಿ ಎರೆಹುಳು ತಳಕ್ಕೆ ಬಿಡು, ನಿಧಾನಕ್ಕೆ ಎಳಿ."

ರೇಫರ್ಡ್ ಕೌಂಟರ್ ಹಿಡಿದುಕೊಂಡು ನಕ್ಕ.

"ಮಿಸ್ಟರ್ ಹೋಯ್ಟ್, ಹೋದ್ವರ್ಷ ನೀವು ಹೇಳಿದ ಜಾಗದಲ್ಲಿ ನಂಗೆ ಸಿಕ್ಕಿದ್ದು ಒಂದು ಬೂಟು!"

"ಅದೂ ಎಡಗಾಲಿಂದು," ಎಂದಳು ಅರ್ಲೀನ್.

"ಈ ಸಲ ನಿಜ ಕಣೋ."

"ಆಗ್ಲೂ ಹಿಂಗೇ ಅಂದಿದ್ರಿ."

ಹೋಯ್ಟ್ ಜೇಬಿನಿಂದ ಎರೆಹುಳು ತೆಗೆದು ಕೌಂಟರ್ ಮೇಲಿಟ್ಟ. "ನೋಡು, ಹಲ್ಲಿನ ಗುರುತು."

"ನಿಮ್ಮವೇನಾ?" ಎಂದ ರೇಫರ್ಡ್.

ಅರ್ಲೀನ್ ಮಾತ್ರ ಹೋಯ್ಟನ ಮುಖ ನೋಡಿ ನಗು ನಿಲ್ಲಿಸಿದಳು. "ಹೋಗ್ನೋಡೋ ರೇಫರ್ಡ್. ಏನು ಗಂಟು ಹೋಗುತ್ತೆ ನಿಂದು?"

ಮರುದಿನ ಬೆಳಗ್ಗೆ ಹೋಯ್ಟ್ ಗಡ್ಡ ಹೆರೆದು, ಒಗೆದ ಶರ್ಟು ತೊಟ್ಟು, ಫ್ಲಾಸ್ಕಿನ ಜೊತೆ ಎರಡು ಲೋಟ ಇಟ್ಟುಕೊಂಡು ಮುಳುಗಿದ ಬೇಲಿಸಾಲಿನ ಮೇಲೆ ದೋಣಿ ನಿಲ್ಲಿಸಿದ. ಬಿಸಿಲೇರುವ ಹೊತ್ತಿಗೆ ಹಳ್ಳದ ಬಾಯಲ್ಲಿ ಮೋಟಾರಿನ ಸದ್ದು ಕೇಳಿಸಿತು. ಅಭ್ಯಾಸಬಲ, ಬಲಗೈ ತಾನಾಗಿ ದೋಣಿಯ ಕೀಲಿಗೆ ಹೋಯಿತು. ಎಡಗೈಯಿಂದ ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡ.

ರೇಫರ್ಡನ ದೋಣಿ ನಿಧಾನವಾಯಿತು. ಅವನು ಎದ್ದುನಿಂತು, ಅಲುಗಾಡದೆ ಕೂತ ಹೋಯ್ಟನನ್ನು ನೋಡಿದ. ಮುಖ ಅರಳಿತು.

"ಅಯ್ಯಯ್ಯೋ, ನಂಬೇಬಿಟ್ಟಿದ್ದೆ! ದೋಣಿ ನೋಡಿದ್ರೂ ಜಾಗ ಬಿಟ್ಟಿಲ್ಲ ಅಂದ್ಮೇಲೆ ಇಲ್ಲೇನಿರುತ್ತೆ ಮಣ್ಣು! ಈ ಆಟಕ್ಕೆ ಅರ್ಲೀನ್‌ನೂ ಸೇರಿಸ್ಕೊಂಡಿದೀರಲ್ಲ, ಭೇಷ್!"

"ಕಾಫಿ ಇದೆ ಕಣೋ," ಹೋಯ್ಟ್ ಕೂಗಿದ. "ಬಿಸಿ ಇದೆ."

"ನನ್ನ ಕೂರ್ಸಿ ಹೊತ್ತು ಕಳೀಬೇಕು ಅಂತ ತಾನೇ? ನೀವು ಬಿಡಿ, ಮಿಸ್ಟರ್ ಹೋಯ್ಟ್, ನಿಮ್ಗೆ ನೀವೇ ಸಾಟಿ!" ರೇಫರ್ಡ್ ಟೋಪಿ ಎತ್ತಿ ಸಲಾಮು ಹೊಡೆದ. ದೋಣಿ ಅಣೆಕಟ್ಟಿನ ಕಡೆ ಹಾರಿತು.

ಅದು ಎಬ್ಬಿಸಿದ ಅಲೆ ಇನ್ನೂ ಅಡಗಿರಲಿಲ್ಲ, ನೀರಿಗೆ ಬಿಟ್ಟಿದ್ದ ಗಾಳದ ದಾರ ಬಿಗಿಯಾಯಿತು. ಆ ಬೇಸಿಗೆಯಲ್ಲೇ ಎಲ್ಲಕ್ಕಿಂತ ದೊಡ್ಡ ಮೀನು. ಹೋಯ್ಟ್ ಅದರ ದವಡೆ ಹಿಡಿದು ದೋಣಿ ಹೋದ ದಿಕ್ಕಿಗೆ ಎತ್ತಿ ತೋರಿಸಿದ. ತಿರುವಿನಾಚೆ ಸದ್ದು ಮಾತ್ರ ಉಳಿದಿತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ.

ಎರಡೂ ಲೋಟಗಳಿಗೆ ಕಾಫಿ ಬಗ್ಗಿಸಿದ. ಆಮೇಲೆ ಹಿಂದಿನ ಸೀಟಿನ ಕಡೆಗೆ ಪೂರ್ತಿ ತಿರುಗಿ ಕೂತ.

"ನಿಮ್ಮತ್ತಿಗೆ ಏನಂದ್ಲು ಅಂದೆ?" ಎಂದ, ಜೋರಾಗಿಯೇ. ಮೀನು ಓಡಿದರೆ ಓಡಲಿ.