ಚಳಿಗಾಲಕ್ಕೆ ಬಂದ ಉಪವಾಸ

ಮರುಭೂಮಿಯ ಕರೆಂಟಿನ ಲೆಕ್ಕವನ್ನು ನಾನು ಹಾಕುವುದು ಜರ್ಮನಿಯ ಎಷ್‌ಬಾರ್ನಿನ ಒಂದು ಕಚೇರಿಯಲ್ಲಿ, ಕಾಲಿಗೆ ಎರಡು ಜೊತೆ ಸಾಕ್ಸ್ ಏರಿಸಿಕೊಂಡು. ಕಿಟಕಿಯಾಚೆ ಚಳಿಗಾಲವಿಡೀ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣದ ಆಕಾಶ. ಒಳಗೆ ಕಂಪ್ಯೂಟರಿನಲ್ಲಿ ಇನ್ನೊಂದು ದೇಶದ ಉರಿಬಿಸಿಲು. ಅಲ್ಲಿ ನೆಲ ಕೊರೆದರೆ ಎಣ್ಣೆ. ಆ ಎಣ್ಣೆಯನ್ನೇ ಸುಟ್ಟು ಅವರು ಇಷ್ಟು ವರ್ಷ ಕರೆಂಟು ಮಾಡಿದ್ದಾರೆ, ಮನೆಮನೆಯನ್ನೂ ತಣ್ಣಗೆ ಇಟ್ಟುಕೊಂಡಿದ್ದಾರೆ. ಈಗ ಎಣ್ಣೆಯನ್ನು ಹೊರಗೆ ಮಾರಿ, ಮನೆಗೆ ಬಿಸಿಲಿನ ಕರೆಂಟು ಬಳಸೋಣ ಎಂದು ಹೊರಟಿದ್ದಾರೆ. ಯಾವ ಹಳೆಯ ಸ್ಥಾವರವನ್ನು ಯಾವ ವರ್ಷ ಮುಚ್ಚಬಹುದು ಎಂದು ಹೇಳುವುದು ನಮ್ಮ ತಂಡದ ಕೆಲಸ. ಬಿಸಿಲೇ ಕಾಣದವರ ಕೈಗೆ ಬಿಸಿಲಿನ ಲೆಕ್ಕ ಕೊಟ್ಟಿದ್ದಾರಲ್ಲ ಎಂದು ಮೊದಮೊದಲು ನಗು ಬರುತ್ತಿತ್ತು. ಈಗೀಗ ಅದೂ ಬರುವುದಿಲ್ಲ.

ಸಾಕಾಗಿಹೋಗಿದೆ. ಲೆಕ್ಕ ಮುಗಿಯಿತು ಎನ್ನುವಷ್ಟರಲ್ಲಿ ಆ ದೇಶದ ಇಲಾಖೆಯಿಂದ ಹೊಸ ಪ್ರಶ್ನೆ ಬರುತ್ತದೆ. ಬ್ಯಾಟರಿ ಇಷ್ಟಿದ್ದರೆ ಏನು, ಅಷ್ಟಿದ್ದರೆ ಏನು? ಮತ್ತೆ ಮೊದಲಿನಿಂದ ಶುರು. ಸಂಜೆ ಎಸ್-ಬಾನ್ ರೈಲು ತಡ, ಪ್ಲಾಟ್‌ಫಾರ್ಮಿನಲ್ಲಿ ಗಾಳಿ, ಮನೆಗೆ ಬಂದರೆ ಅನ್ನಕ್ಕಿಡಲೂ ಕೈ ಏಳುವುದಿಲ್ಲ. ಗಂಡ ಬಾಲ್ಕನಿಗೆ ಕಟ್ಟಿದ ಎರಡು ಸೋಲಾರ್ ಹಲಗೆಗಳು ಜನವರಿಯಲ್ಲಿ ಮೊಬೈಲ್ ಚಾರ್ಜ್ ಮಾಡಿದರೆ ಪುಣ್ಯ. ಅವನು ಮಾತ್ರ ದಿನಾ ಹೋಗಿ ಅವುಗಳನ್ನು ಒರೆಸಿ ಬರುತ್ತಾನೆ.

ನನ್ನ ಅಕ್ಕ ಇರುವುದು ಅದೇ ದೇಶದಲ್ಲಿ. ಮದುವೆಯಾಗಿ ಉಡುಪಿಯಿಂದ ನೇರ ಅಲ್ಲಿಗೆ ಹೋದವಳು. ಭಾವ ಕಡಲ ಬದಿಯ ಒಂದು ಹಳೆಯ ಎಣ್ಣೆ ಸ್ಥಾವರದಲ್ಲಿ ಶಿಫ್ಟ್ ಇನ್‌ಚಾರ್ಜ್. ಕೆಲಸ ಇದ್ದರೆ ವೀಸಾ. ವೀಸಾ ಇದ್ದರೆ ಮನೆ, ಮಗಳ ಶಾಲೆ, ಅಕ್ಕನ ಭಜನೆ ಬಳಗ, ಎಲ್ಲ. ಈ ಸಂಬಂಧವನ್ನು ಕಚೇರಿಯಲ್ಲಿ ಮೊದಲೇ ಹೇಳಿದ್ದೆ. ಅವರೇನು ಸ್ಥಾವರದ ಒಡೆಯರಲ್ಲ ತಾನೇ ಎಂದು ನಮ್ಮ ಮೇಲಧಿಕಾರಿ, ಜರ್ಮನ್ ಹೆಂಗಸು, ಮುಂದಿನ ವಿಷಯಕ್ಕೆ ಹೋದರು. ಲೆಕ್ಕದಲ್ಲಿ ಏನು ಬಂತು ಎಂಬುದನ್ನು ಮಾತ್ರ ಹೊರಗೆ ಯಾರಿಗೂ ಹೇಳುವಂತಿರಲಿಲ್ಲ.

ಶುಕ್ರವಾರ ಅಲ್ಲಿ ರಜೆ, ನನಗೆ ಮನೆಯಿಂದ ಕೆಲಸ. ಅಕ್ಕನ ಫೋನು ಬರುವುದು ಆವತ್ತೇ. ಮೊದಲು ಭಾವ ಕಸಿದುಕೊಂಡು ನನ್ನನ್ನು ಸ್ವಲ್ಪ ಗೋಳು ಹೊಯ್ದುಕೊಳ್ಳಬೇಕು.

"ಎಂತ ಮಾರಾಯ್ತಿ, ಇವತ್ತು ಗಾಳಿ ಬೀಸಿತಾ ನಿಮ್ಮಲ್ಲಿ? ಚಾ ಕಾಯಿಸ್ಲಿಕ್ಕೆ ಕರೆಂಟು ಉಂಟಾ?"

"ಉಂಟು ಭಾವ. ನಿಮ್ಮ ಹೊಗೆ ಹೇಗುಂಟು?"

"ಫಸ್ಟ್ ಕ್ಲಾಸ್. ನಿನ್ನ ಅಕ್ಕ ದಿನಾ ಒಣಗಿದ ಬಟ್ಟೆಯನ್ನು ಮತ್ತೆ ಒಗೀತಾಳೆ."

ಆಮೇಲೆ ಅಕ್ಕ. ಅವಳ ಮಾತಿಗೆ ಪೂರ್ಣವಿರಾಮ ಇಲ್ಲ, ನಾನು ಹೂಂಗುಟ್ಟುತ್ತ ಕೆಲಸ ಮಾಡುತ್ತಿರುತ್ತೇನೆ. ಕಳೆದ ಚಳಿಗಾಲದ ಒಂದು ಶುಕ್ರವಾರ ಹಾಗೆ ಹೂಂಗುಟ್ಟುತ್ತಿದ್ದಾಗ ಅವಳೆಂದಳು, "ಈ ಸಲ ರಂಜಾನ್ ಚಳಿಯಲ್ಲೇ ಬಂತಲ್ಲ, ನಿನ್ನ ಭಾವನಿಗೆ ನೈಟ್ ಶಿಫ್ಟ್ ಎಷ್ಟೋ ಹಗುರ. ಮೊದಲು ಬೇಸಿಗೆಯಲ್ಲಿ ಬರ್ತಿದ್ದಾಗ ಮನುಷ್ಯ ಮನೆಗೆ ಬಂದ್ರೆ ಮಾತಾಡ್ಲಿಕ್ಕೂ ಆಗ್ತಿರಲಿಲ್ಲ. ಇನ್ನು ಮುಂದೆ ಕೆಲವು ವರ್ಷ ಚಳಿಯಲ್ಲೇ ಅಂತೆ."

ನನ್ನ ಕೈ ನಿಂತಿತು.

ಉಪವಾಸದ ತಿಂಗಳಲ್ಲಿ ಆ ದೇಶ ಹಗಲು ಮಲಗಿ ರಾತ್ರಿ ಏಳುತ್ತದೆ. ಸಂಜೆ ಉಪವಾಸ ಬಿಟ್ಟ ಮೇಲೆ ಅಡುಗೆ, ನೆಂಟರು, ಅಂಗಡಿ. ಬೆಳಗಿನ ಜಾವದವರೆಗೂ ದೀಪ, ಎಸಿ. ರಾತ್ರಿ ಬಿಸಿಲಿಲ್ಲ, ಬ್ಯಾಟರಿ ಅಷ್ಟು ಹೊತ್ತು ತಾಳುವುದಿಲ್ಲ. ಆ ತಿಂಗಳು ಬೇಸಿಗೆಗೆ ಬಿದ್ದರೆ ಹಳೆಯ ಎಣ್ಣೆ ಸ್ಥಾವರ ಬೇಕೇ ಬೇಕು. ನಮ್ಮ ತಂಡ ಲೆಕ್ಕಕ್ಕೆ ಹಿಡಿದದ್ದು ಕೊರೊನಾಕ್ಕೆ ಹಿಂದಿನ ವರ್ಷಗಳ ಕರೆಂಟಿನ ಬೇಡಿಕೆಯನ್ನು. ಆಗ ರಂಜಾನ್ ಬೇಸಿಗೆಯಲ್ಲಿತ್ತು. ಅದನ್ನೇ ಮುಂದಿನ ಎಲ್ಲ ವರ್ಷಗಳಿಗೂ ಹಾಗೇ ಅಂಟಿಸಿಬಿಟ್ಟಿದ್ದೆವು. ಕ್ರಿಸ್‌ಮಸ್ ಕದಲದ, ಈಸ್ಟರ್ ಕದಲಿದರೂ ವಸಂತ ಬಿಟ್ಟು ಹೋಗದ ನಾಡಿನವರಿಗೆ ಇದು ಹೊಳೆಯಲಿಲ್ಲ. ಪಂಚಾಂಗ ನೋಡಿ ಬೆಳೆದ ನನಗೂ ಹೊಳೆಯಲಿಲ್ಲ ನೋಡಿ. ನಮ್ಮ ಹಬ್ಬಗಳು ಹಿಂದುಮುಂದಾದರೆ ಅಧಿಕ ಮಾಸ ಬಂದು ಸರಿಮಾಡುತ್ತದೆ. ಚೌತಿ ಎಂದೂ ಬೇಸಿಗೆಗೆ ಬರುವುದಿಲ್ಲ. ರಂಜಾನಿಗೆ ಅಧಿಕ ಮಾಸವಿಲ್ಲ. ಅದು ವರ್ಷವರ್ಷವೂ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಅಕ್ಕ ಫೋನಿಟ್ಟ ಮೇಲೆ ತಿಂಗಳನ್ನು ಅದರ ಜಾಗಕ್ಕೆ ಸರಿಸಿ ಲೆಕ್ಕ ಓಡಿಸಿದೆ. ರಂಜಾನ್ ಇಲ್ಲದ ಬೇಸಿಗೆಯ ರಾತ್ರಿಗಳಿಗೆ ಅಲ್ಲಿ ಈಚೆಗೆ ಕಟ್ಟಿದ್ದ ಹೊಸ ಅನಿಲ ಸ್ಥಾವರಗಳೇ ಸಾಕಾದವು. ಮೊದಲಿನ ಲೆಕ್ಕದಲ್ಲಿ ಭಾವನ ಸ್ಥಾವರ ಅವರು ನಿವೃತ್ತರಾಗುವ ತನಕ ಉರಿಯುತ್ತಿತ್ತು. ಹೊಸದರಲ್ಲಿ ಅದು ಎಲ್ಲಕ್ಕಿಂತ ಮೊದಲು ಆರಿತು. ಅಕ್ಕನ ಮಗಳು ಆಗ ಒಂಬತ್ತನೇ ಕ್ಲಾಸು. ಅವಳು ಹತ್ತು ಮುಗಿಸುವ ಹೊತ್ತಿಗೆ ಅಪ್ಪನಿಗೆ ಅಲ್ಲಿ ಕೆಲಸ ಇರುತ್ತಿರಲಿಲ್ಲ.

ಶನಿವಾರ, ಭಾನುವಾರ ಮನೆಯಲ್ಲಿ ಬೆಕ್ಕಿನ ಹಾಗೆ ಸುತ್ತಿದೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ವರದಿ ಹೋಗುತ್ತಿತ್ತು, ಭಾವ ಇನ್ನಷ್ಟು ವರ್ಷ ಹೊಗೆಯ ತಮಾಷೆ ಮಾಡುತ್ತಿದ್ದರು. ಗಂಡನಿಗೂ ಹೇಳಲಿಲ್ಲ. ಹಾಗಂತ ತಪ್ಪು ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಅದರ ಮೇಲೆ ಕೂತು ಕೆಲಸ ಮಾಡಲು ನನ್ನಿಂದಾಗುವುದಿಲ್ಲ. ಸದ್ಗುಣ ಅಂತಲ್ಲ, ಹುಟ್ಟುಗುಣ. ಅಲ್ಲದೆ ಅಷ್ಟು ಎಣ್ಣೆಯನ್ನು ಸುಮ್ಮಸುಮ್ಮನೆ ಸುಡಲು ನಾನೇ ಹೇಳಿದ ಹಾಗಾಗುತ್ತಿತ್ತು. ಸೋಮವಾರ ಬೆಳಿಗ್ಗೆ ಮೀಟಿಂಗಿನಲ್ಲಿ ಹೇಳಿದೆ. ಮೇಲಧಿಕಾರಿ ಹಣೆ ಚಚ್ಚಿಕೊಂಡರು, ಆಮೇಲೆ ಎಲ್ಲರೆದುರು ನನ್ನನ್ನು ಹೊಗಳಿದರು. ಯಾರೋ ಕೇಕು ತಂದರು. ಅದನ್ನು ತಿಂದೆ ಕೂಡ.

ಆಮೇಲೆ ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಒಂದೆರಡು ಶುಕ್ರವಾರ ತಲೆನೋವೆಂದು ತಪ್ಪಿಸಿಕೊಂಡೆ. ಕೊನೆಗೆ ತಡೆಯಲಾರದೆ, ಯಾರಿಗೂ ಹೇಳುವಂತಿಲ್ಲ ಎಂದು ಗೊತ್ತಿದ್ದೂ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಪಾರ್ಕಿಂಗ್ ಜಾಗದಲ್ಲಿ ನಿಂತು ಭಾವನ ಮೊಬೈಲಿಗೇ ಫೋನು ಮಾಡಿದೆ.

"ಭಾವ, ಬೇರೆ ಕಡೆ ಕೆಲಸ ನೋಡಿಕೊಳ್ಳಿ. ಈಗಿನಿಂದಲೇ."

ಅವರು ನಕ್ಕರು. ನಾನು ನಗಲಿಲ್ಲ. ಹಿಂದುಗಡೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲು ಹಾಕಿಕೊಂಡರೋ ಏನೋ, ಅದು ನಿಂತಿತು.

"ನಮ್ಮದಾ?"

"ಹೌದು."

"ಲೆಕ್ಕ ಹಾಕಿದ್ದು ನೀನಾ?"

"ನಾನೇ ಭಾವ."

"ಸರಿ ಉಂಟಲ್ಲ ಲೆಕ್ಕ?"

"ಸರಿ ಉಂಟು."

ನಾನು ಅತ್ತುಬಿಟ್ಟೆ. ಕಾರು ತೆಗೆಯಲು ಬಂದ ಒಬ್ಬಾತ ನನ್ನನ್ನು ನೋಡಿ ಬೇರೆ ದಾರಿಯಲ್ಲಿ ಹೋದ.

"ಅಳಬೇಡ ಮಾರಾಯ್ತಿ," ಎಂದರು ಭಾವ. "ಇವತ್ತಲ್ಲ ನಾಳೆ ಇದು ನಿಲ್ಲುವುದೇ. ಅಕ್ಕನಿಗೆ ಮಾತ್ರ ನೀನು ಹೇಳಬೇಡ, ಆಯ್ತಾ? ನಾನೇ ಹೇಳ್ತೇನೆ."

ಹೇಳುತ್ತಾರೆಂದು ನಂಬಿದೆ. ಮುಂದಿನ ಶುಕ್ರವಾರ ಅಕ್ಕ ಎಂದಿನ ಹಾಗೆಯೇ ಮಾತಾಡಿದಳು. ಅದರ ಮುಂದಿನ ಶುಕ್ರವಾರವೂ. ಭಾವ ಈಗ ಫೋನು ಕಸಿದುಕೊಳ್ಳುವುದಿಲ್ಲ. ಅಕ್ಕನ ಪಕ್ಕದಲ್ಲೇ ಕೂತಿರುತ್ತಾರೆಂದು ಕೆಮ್ಮಿನಿಂದ ತಿಳಿಯುತ್ತದೆ. ನಾವಿಬ್ಬರೂ ಅವಳು ಹೇಳುವುದನ್ನು ಎರಡು ದೇಶಗಳಲ್ಲಿ ಕೂತು ಕೇಳುತ್ತೇವೆ. ಇಷ್ಟು ದಣಿವು ನನಗೆ ಯಾವ ಕೆಲಸದಿಂದಲೂ ಆದದ್ದಿಲ್ಲ.

ಮೊನ್ನೆ ಶುಕ್ರವಾರ ಅವಳ ದನಿಯಲ್ಲಿ ಹಬ್ಬದ ಸಡಗರ. ಮಗಳು ಊರಿಗೆ ಹೋಗಿ ಕಾಲೇಜು ಸೇರುವುದು ಬೇಡ ಎಂದು ಅಳುತ್ತಿದ್ದಳಂತೆ.

"ಯೋಚನೆ ಮಾಡಿದ್ವಿ ಕಣೆ. ಶಾಲೆ, ಕಾಲೇಜು ಎಲ್ಲ ಅವಳು ಇಲ್ಲೇ ಮುಗಿಸಲಿ. ಅಷ್ಟು ವರ್ಷ ನಾವೂ ಎಲ್ಲಿಗೂ ಹೋಗುವುದಿಲ್ಲ. ನಿನ್ನ ಭಾವನೂ ಒಪ್ಪಿದ್ರು."

ಹಿಂದಿನಿಂದ ಕೆಮ್ಮು ಕೂಡ ಕೇಳಿಸಲಿಲ್ಲ.

"ಒಳ್ಳೇದಾಯ್ತು ಅಕ್ಕ," ಎಂದೆ.