ಹಸಿ ಮರದ ಬಾಗಿಲುಗಳು

ಪಾಲಿಶ್ ಅಕ್ಕ ಎಂದರೆ ಆ ಮರಗೆಲಸದ ಷೆಡ್ಡಿನಲ್ಲಿ ಎಲ್ಲರಿಗೂ ಒಂದಿಷ್ಟು ಅಳುಕು. ಷೆಡ್ಡಿನ ಯಜಮಾನ ಅವಳ ಸ್ವಂತ ಅಣ್ಣ, ಅಳುಕು ಅದಕ್ಕಲ್ಲ. ಕೂದಲೆಳೆಯಷ್ಟು ಗೀರು ಕಂಡರೂ ಮೇಜನ್ನು ಮತ್ತೆ ಮೊದಲಿನಿಂದ ಉಜ್ಜುವವಳು ಅವಳು. ಗಂಡನ ಮನೆಯಲ್ಲಿ ಸಂಜೆಗೆ ಮುಗಿಯಬೇಕಾದ ಜಗಳವನ್ನೂ ಹೀಗೇ ಉಜ್ಜಿ ಉಜ್ಜಿ, ಕೊನೆಗೆ ಪೆಟ್ಟಿಗೆ ಎತ್ತಿಕೊಂಡು ಬಂದವಳು. "ಬಂದಿದ್ದೇ ಒಳ್ಳೇದಾಯ್ತು" ಎಂದು ತಾನೇ ನಗುತ್ತಿದ್ದಳು. ಬೇರೆಯವರು ನಕ್ಕರೆ ಮಾತ್ರ ಗ್ರಹಚಾರ ಬಿಡಿಸುತ್ತಿದ್ದಳು.

ಆ ಷೆಡ್ಡಿಗೆ ಒಂದು ಕಟ್ಟಳೆಯಿತ್ತು. ದೊಡ್ಡ ಕೆಲಸ ಮುಗಿದಾಗಲೆಲ್ಲ ಎಲ್ಲರೂ ಚಹಾ ಹಿಡಿದು ಹಲಗೆಗಳ ಮೇಲೆ ಕೂರಬೇಕು. ಎಲ್ಲಿ ಎಡವಿದೆವು, ಮುಂದೆ ಹೇಗೆ ಎಂದು ಮಾತಾಡಬೇಕು. ಆದರೆ ತನ್ನ ತಪ್ಪನ್ನು ಮಾತ್ರ ಹೇಳಬೇಕು, ಇನ್ನೊಬ್ಬರ ಕಡೆ ಬೊಟ್ಟು ಮಾಡುವಂತಿಲ್ಲ. ಜಗಳವಾಗದಿರಲೆಂದು ಈ ಅಣ್ಣ-ತಂಗಿಯ ತಂದೆ ಮಾಡಿದ್ದು. ಕೇಳುವುದಕ್ಕೆ ಎಷ್ಟು ಚೆಂದ! ನಡೆಯುತ್ತಿದ್ದದ್ದು ಬೇರೆ. ಅಂಜುಬುರುಕರು ಊರ ತಪ್ಪನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತಿದ್ದರು, ಗಟ್ಟಿಗರು ಚಹಾ ಕುಡಿದು ಏಳುತ್ತಿದ್ದರು.

ಈ ಸಲ ಮುಗಿದದ್ದು ಗ್ರಂಥಾಲಯದ ಬೀರುಗಳು. ಹೇಳಿದ ದಿನಕ್ಕೆ ಕೊಟ್ಟು ಬೆನ್ನು ತಟ್ಟಿಸಿಕೊಂಡದ್ದೇ ಬಂತು. ತಿಂಗಳು ಕಳೆಯುವುದರೊಳಗೆ ಬಾಗಿಲುಗಳು ಸೊಟ್ಟಗಾಗಿ, ಒಂದೂ ಮುಚ್ಚದೆ, ಬಾಯಿ ಬಿಟ್ಟುಕೊಂಡು ನಿಂತವು. ಎಲ್ಲವನ್ನೂ ಬಿಚ್ಚಿ, ಒಣಮರದಲ್ಲಿ ಹೊಸದಾಗಿ ಮಾಡಿ ಕೂರಿಸಿ ಬಂದ ಮಾರನೇ ದಿನ ಚಹಾ ಬಂತು.

"ಬಾಗಿಲು ನಾನೇ ಮಾಡಿದ್ದು. ಅಳತೇಲಿ ಎಲ್ಲೋ ತಪ್ಪಿರಬೇಕು," ಎಂದ ಗಳ. ಬಡಗಿಯ ಎತ್ತರಕ್ಕೆ ಬಿದ್ದ ಅಡ್ಡಹೆಸರು ಅದು. ಅಷ್ಟೆತ್ತರದವನು ಅಂದು ಮೊಣಕಾಲುಗಳ ನಡುವೆ ತಲೆ ಹಾಕಿ ಕೂತಿದ್ದ.

"ಒಪ್ಪಿಕೊಂಡ್ಯಲ್ಲ, ದೊಡ್ಡ ಗುಣ," ಎಂದ ಅಣ್ಣ. "ಇನ್ಮುಂದೆ ಬಾಗಿಲಿನ ಕೆಲಸ ನಿನಗೆ ಬೇಡ. ಹಲಗೆ ಉಜ್ಜಿಕೊಂಡಿರು. ಪಾಠ ಕಲಿತ ಹಾಗಾಯ್ತು."

ಗಳ ತಲೆಯಾಡಿಸಿದ. ಜೀವಮಾನವೆಲ್ಲ ಬಾಗಿಲು ಮಾಡಿದ ಕೈ ಅದು. ಅದನ್ನು ಕಿತ್ತುಕೊಂಡರೆ ಅವನು ಬದುಕಿದ್ದೂ ಸತ್ತಂತೆ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಅಳತೆ ಸರಿಯಾಗೇ ಇತ್ತು. ಅದೇ ಅಳತೆಗೆ ಅವನೇ ಮಾಡಿದ ಹೊಸ ಬಾಗಿಲು ಚೆನ್ನಾಗಿ ಕೂತಿಲ್ವಾ? ಮೊದಲಿನ ಮರ ಹಸಿ ಇತ್ತು. ತಪ್ಪು ನಿಂದು ಅಣ್ಣಾ."

ಅಣ್ಣ ಅವಳ ಕಡೆ ತಿರುಗಿದ.

"ಕಟ್ಟಳೆ ಗೊತ್ತಿದೆ ತಾನೇ? ನಿನ್ನ ತಪ್ಪು ಹೇಳು."

"ಹೇಳ್ತೀನಿ. ಮರ ಒಣಗಿಲ್ಲ ಅಂತ ಅವತ್ತೇ ಬಂದು ಹೇಳಿದೆ. 'ದಿನ ಕೊಟ್ಟಾಗಿದೆ, ಪಾಲಿಶ್ ಬಳಿ, ಮುಚ್ಚಿಹೋಗತ್ತೆ' ಅಂದೆ ನೀನು. ನಾನು ಬಾಯಿ ಮುಚ್ಕೊಂಡು ಬಳಿದೆ. ಅದು ನನ್ನ ತಪ್ಪು, ಇನ್ನು ಬಳಿಯಲ್ಲ. ಯಾರನ್ನೂ ಕೇಳದೆ ದಿನ ಕೊಟ್ಟಿದ್ದು ಯಾರ ತಪ್ಪು? ಈಗ ನೀನು ಹೇಳು."

"ಅಪ್ಪ ಮಾಡಿದ ಕಟ್ಟಳೆ ಮುರೀತೀಯಾ? ಎದ್ದು ಹೋಗು ಆಚೆ!"

"ಹೋಗಲ್ಲ. ಅಪ್ಪ ಮೊದಲು ತಮ್ಮ ತಪ್ಪು ಹೇಳ್ತಿದ್ರು, ಆಮೇಲೆ ಬೇರೆಯವರನ್ನ ಕೇಳ್ತಿದ್ರು. ನೀನು ಒಂದು ಸಲನಾದ್ರೂ ಹೇಳಿದೀಯಾ?"

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಮುಂದಿನ ಕೆಲಸ ಕೊಟ್ಟಿದ್ದ ಶಾಲೆಯವರು, ತಮ್ಮ ಬೀರುಗಳು ಯಾವಾಗ ಎಂದು ಕೇಳುತ್ತಿದ್ದರು. ಆ ಬೀರುಗಳ ಮರ ಹಿಂದಿನ ದಿನವಷ್ಟೇ ಬಂದು ಅಂಗಳದಲ್ಲಿ ಬಿದ್ದಿತ್ತು. "ಆಯ್ತು ಸಾರ್, ಬರೋ ತಿಂಗಳು ಖಂಡಿತ..." ಎಂದು ಅವನು ಶುರುಮಾಡಿದ್ದೇ ತಡ, ಅಕ್ಕ ಎದ್ದುಹೋಗಿ ಫೋನು ಕಿತ್ತುಕೊಂಡಳು.

"ಮರ ಇನ್ನೂ ಹಸಿ ಇದೆ. ಒಣಗಿದ ಮೇಲೆ ದಿನ ಹೇಳ್ತೀವಿ. ಬಾಗಿಲು ಮಾಡೋನು ನಮ್ಮ ಗಳ. ಅವಸರ ಇದ್ರೆ ಬೇರೆ ಕಡೆ ನೋಡ್ಕೊಳ್ಳಿ."

ಆ ಕಡೆಯವರು ಕಾಯುತ್ತೇವೆ ಎಂದರೋ, ಬೈದರೋ, ಅವಳು ಯಾರಿಗೂ ಹೇಳಲಿಲ್ಲ. ಅಣ್ಣ ಫೋನಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಚಹಾ ಆರುತ್ತಿದ್ದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ.

ಕೊನೆಗೆ ಅವನು ಲೋಟದೊಳಗೆ ಮುಖವಿಟ್ಟು ಗೊಣಗಿದ: "ದಿನ ಕೊಟ್ಟಿದ್ದು ನಾನೇ."

"ಲೋಟಕ್ಕಲ್ಲ," ಎಂದಳು ಅಕ್ಕ, ಗಳನ ಕಡೆ ಕೈ ತೋರಿಸಿ. "ಅವನಿಗೆ ಹೇಳು."